ಪಚ್ಚ ಅಂದರೆ ಯಾವ ಬಣ್ಣ

ಗಂಡನ ಹೆಸರು ಬಾಯಲ್ಲಿ ಹೇಳಬಾರದು ಅಂತ ನಮ್ಮಮ್ಮ ಹೇಳಿಕೊಟ್ಟಿದ್ದಳು. ಅದಕ್ಕೆ ನಾನು ಅಂಗಡಿಯ ಬೋರ್ಡು ಓದುತ್ತೇನೆ, ನೀವೇ ತಿಳಿದುಕೊಳ್ಳಿ: ‘ಮುನಿಯಲ್ಲಪ್ಪ ಆಟೋ ಎಲೆಕ್ಟ್ರಿಕಲ್ಸ್, ಕೋಲಾರ ರಸ್ತೆ, ಮುಳಬಾಗಿಲು.’ ಆ ಬೋರ್ಡಿನ ಕೆಳಗೆ ಈ ಮನುಷ್ಯ ಐದು ನಿಮಿಷ ಒಂದೇ ಕಡೆ ಕೂತಿದ್ದನ್ನು ನಾನು ನೋಡಿಲ್ಲ. ತಟ್ಟೆ ಕೈಯಲ್ಲಿ ಹಿಡಿದು ಓಡಾಡುತ್ತಲೇ ಉಣ್ಣುತ್ತಾರೆ. ಒಂದು ಮುದ್ದೆ ಮುಗಿಯುವಷ್ಟರಲ್ಲಿ ಎರಡು ಲಾರಿಯ ಬಾನೆಟ್ ಇಣುಕಿ ನೋಡಿ ಬಂದಿರುತ್ತಾರೆ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದ್ದಾರೆ ಅಂತ ನಮ್ಮತ್ತೆಯೇ ಬಯ್ಯುತ್ತಿದ್ದರು.

ಹುಟ್ಟಿದ್ದು ಸುಗಟೂರಿನಲ್ಲಿ. ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟು ಲಾರಿ ಹತ್ತಿದರು, ಲಾರಿ ಇಳಿದು ಡೈನಮೋ ಬಿಚ್ಚುವುದು ಕಲಿತರು. ತೊಂಬತ್ತೊಂದರಲ್ಲಿ ಈ ಅಂಗಡಿ ಹಾಕಿ ಅದೇ ವರ್ಷ ನನ್ನನ್ನು ಕಟ್ಟಿಕೊಂಡರು. ನಾನು ಪಲಮನೇರು ಕಡೆಯವಳು, ಮನೆಮಾತು ತೆಲುಗು. ಕನ್ನಡ ಇವರಿಂದಲೇ ಕಲಿತೆ. ಈಗ ಕನಸು ಕೂಡ ಕನ್ನಡದಲ್ಲೇ ಬೀಳುತ್ತದೆ, ಕೋಪ ಮಾತ್ರ ಇನ್ನೂ ತೆಲುಗಿನಲ್ಲೇ ಬರುತ್ತದೆ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇವರಿಗೊಂದು ಹಮ್ಮಿತ್ತು. ಕೆಲಸ ಕೆಟ್ಟರೆ ಉಳಿದ ಮೆಕಾನಿಕ್‌ಗಳು “ಪಾರ್ಟೇ ಡೂಪ್ಲಿಕೇಟ್ ಸ್ವಾಮಿ” ಅಂತ ಕೈ ತೊಳೆದುಕೊಳ್ಳುತ್ತಾರೆ. ಇವರು ಆ ಮಾತನ್ನು ಒಂದು ದಿನವೂ ಆಡಿದವರಲ್ಲ. “ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಪಾರ್ಟ್ ಕೆಟ್ಟಿದ್ರೆ ಹಾಕೋಕ್ ಮುಂಚೆ ಕಂಡುಹಿಡೀಬೇಕು. ಇಲ್ದಿದ್ರೆ ನಾನ್ಯಾಕಿದೀನಿ ಇಲ್ಲಿ?” ಅನ್ನುತ್ತಿದ್ದರು.

ಎರಡು ಸಾವಿರದ ಏಳರಲ್ಲಿ ನನಗೆ ಹಬ್ಬಕ್ಕೆ ನೀಲಿ ಸೀರೆ ತರುತ್ತೇನೆಂದು ಹೋದವರು ಹಸಿರು ತಂದರು. ನಾನು ನಕ್ಕೆ. ಅವರು ನಗಲಿಲ್ಲ. ಸೀರೆಯನ್ನು ಬಾಗಿಲಿನ ಬಿಸಿಲಿಗೆ ಒಯ್ದು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಬಾಯಿ ಬಿಟ್ಟರು: ಆರು ತಿಂಗಳಿಂದ ಬಣ್ಣವೇ ಕಾಣುತ್ತಿಲ್ಲ. ಕೆಂಪು ಹೇಗೋ ಗೊತ್ತಾಗುತ್ತದೆ, ಉಳಿದದ್ದೆಲ್ಲ ಬೂದಿ ಬಳಿದ ಹಾಗೆ.

ವೈರಿಂಗ್ ಕೆಲಸದವನಿಗೆ ಬಣ್ಣ ಕಾಣದಿದ್ದರೆ ಇನ್ನೇನು ಉಳಿಯಿತು? ಕೋಲಾರಕ್ಕೆ ಹೋಗಿ ಕಣ್ಣು ತೋರಿಸೋಣ ಅಂದೆ. ಎಗರಾಡಿದರು. “ಅಲ್ಲಿ ಒಬ್ಬ ನನ್ನ ನೋಡಿದ್ರೆ ಸಾಕು ಕಣೇ, ಸಾಯಂಕಾಲಕ್ಕೆ ಮುಳಬಾಗ್ಲೆಲ್ಲ ಗೊತ್ತಾಗ್ತದೆ. ಕುರುಡನ ಕೈಗೆ ಯಾರು ಗಾಡಿ ಕೊಡ್ತಾರೆ?” ಅಂದರು. ಅವತ್ತಿನಿಂದ ಇವರ ಓಡಾಟ ಇನ್ನೂ ಹೆಚ್ಚಾಯಿತು. ಒಂದೇ ಸ್ವಿಚ್ಚನ್ನು ಹತ್ತು ಸಲ ಹಾಕಿ ಆರಿಸಿ ನೋಡುವುದು, ಹೋದ ಗಾಡಿಯ ಹಿಂದೆಯೇ ಟಿವಿಎಸ್ ಹತ್ತಿ ಹೋಗಿ ಲೈಟು ಸರಿಯಾಗಿ ಉರಿಯುತ್ತಿದೆಯಾ ಅಂತ ದೂರದಿಂದ ನೋಡಿ ಬರುವುದು. ಇವರನ್ನು ನೋಡಿ ನೋಡಿ ನನಗೂ ಒಂದು ಕಡೆ ನಿಲ್ಲಲಾಗುತ್ತಿರಲಿಲ್ಲ.

ಕೊನೆಗೆ ಒಂದು ಉಪಾಯ ಅವರೇ ಮಾಡಿದರು. ಬುತ್ತಿ ತಂದ ನಾನು ಅಂಗಡಿಯಲ್ಲೇ ಉಳಿಯುವುದು. “ನಮ್ಮನೆಯೋಳಿಗೆ ಕೆಲಸ ಕಲಿಸ್ತಿದೀನಿ” ಅಂತ ಗಿರಾಕಿಗಳಿಗೆ ಹೇಳುವುದು. ಒಂದೊಂದೇ ವೈರು ಎತ್ತಿ ಹಿಡಿದು, ಮೇಷ್ಟ್ರ ಥರ, “ಹೇಳೇ ಸುನಂದ, ಇದು ಯಾವ ಬಣ್ಣ?” ಅನ್ನುವುದು. ನಾನು ಹೇಳುವುದು. “ಭೇಷ್!” ಅನ್ನುವುದು. ಗಿರಾಕಿಗಳು ನಗುತ್ತಿದ್ದರು. ನಾಲ್ಕು ಜನರ ಮುಂದೆ ಮೂರನೇ ಕ್ಲಾಸಿನ ಹುಡುಗಿಯ ಹಾಗೆ ಬಣ್ಣ ಒಪ್ಪಿಸುವಾಗ ನನಗೆ ಮೈ ಉರಿಯುತ್ತಿತ್ತು. ಆದರೂ ಎರಡು ವರ್ಷ ಒಪ್ಪಿಸಿದೆ.

ಎರಡು ಸಾವಿರದ ಒಂಬತ್ತರ ಕಾರ್ತಿಕದಲ್ಲಿ ಸುಗಟೂರಿನ ಆವಲಪ್ಪಣ್ಣ ತಮ್ಮ ಪಿಕಪ್ ತಂದರು. ಇವರ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವರು, ರೇಷ್ಮೆ ಬೆಳೆಯುವವರು. ಹುಳು ಸಾಕುವ ಮನೆ ಕೆರೆಯ ಆಚೆ ಇದೆ. ಮಳೆ ಬಿದ್ದರೆ ಆ ಕೆಸರಿನಲ್ಲಿ ನಾಲ್ಕೂ ಚಕ್ರ ಎಳೆದರೆ ಮಾತ್ರ ಗಾಡಿ ದಾಟುತ್ತದೆ. ಅದಕ್ಕೆಂದೇ ಆ ಫೋರ್ ವೀಲ್ ಗಾಡಿ ತೆಗೆದುಕೊಂಡಿದ್ದರು. ಈಗ ಫೋರ್ ವೀಲ್ ಬೀಳುತ್ತಲೇ ಇಲ್ಲ. ಗುಂಡಿ ತಿರುಗಿಸಿದರೆ ಡ್ಯಾಶ್‌ಬೋರ್ಡಿನ ಲೈಟು ಮಿಣಮಿಣ ಅನ್ನುತ್ತದೆ ಅಷ್ಟೆ.

ನಮ್ಮವರು ಗಾಡಿ ಕೆಳಗೆ ನುಗ್ಗಿ, ಗೇರು ಬದಲಿಸುವ ಮೋಟರಿಗೆ ಬ್ಯಾಟರಿಯಿಂದ ನೇರವಾಗಿ ಕರೆಂಟು ಕೊಟ್ಟು ನೋಡಿದರು. ಮೋಟರ್ ತಿರುಗಿತು. “ಮೋಟರ್ ಚೆನ್ನಾಗೈತೆ. ಅದಕ್ಕೆ ಹೇಳಿ ಮಾಡಿಸೋ ಡಬ್ಬಿ ಸತ್ತೋಗೈತೆ, ಕಂಟ್ರೋಲ್ ಮಾಡ್ಯೂಲು” ಅಂದರು. ಡ್ಯಾಶ್‌ಬೋರ್ಡಿನ ಅಡಿ ಬಿಚ್ಚಿದರೆ ಡಬ್ಬಿಯೊಳಗೆ ಇಲಿ ಉಚ್ಚೆಗೆ ಹಿಡಿದ ಕಿಲುಬು. ಡಬ್ಬಿಯ ಪ್ಲಗ್ಗನ್ನೂ ಇಲಿ ಕಡಿದು ಚೂರು ಮಾಡಿತ್ತು. ಬೆಂಗಳೂರಿನಿಂದ ಹೊಸ ಡಬ್ಬಿ ಬರಲು ಎಂಟು ದಿನ ಹಿಡಿಯಿತು. ಅಷ್ಟರಲ್ಲಿ ಹುಳು ಗೂಡು ಕಟ್ಟಿಬಿಟ್ಟಿತ್ತು. ನಾಳೆ ಬೆಳಿಗ್ಗೆ ಗೂಡು ಕೆರೆ ದಾಟಿ ಮಾರ್ಕೆಟ್ಟಿಗೆ ಹೋಗಬೇಕು.

ಪ್ಲಗ್ಗು ಇದ್ದಿದ್ದರೆ ಚುಚ್ಚಿದರೆ ಮುಗಿಯುತ್ತಿತ್ತು. ಈಗ ಹೊಸ ಡಬ್ಬಿಯ ಹದಿನಾಲ್ಕು ವೈರನ್ನು ಗಾಡಿಯ ಹದಿನಾಲ್ಕು ವೈರಿಗೆ ಬಣ್ಣ ನೋಡಿ ಒಂದೊಂದಾಗಿ ಸೇರಿಸಬೇಕು. ಇವರ ಮುಖ ಬಿಳಿಚಿಕೊಂಡಿತು. ಆವಲಪ್ಪಣ್ಣ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂತುಬಿಟ್ಟರು, ಕದಲುವ ಹಾಗೆ ಕಾಣಲಿಲ್ಲ.

“ಹೇಳೇ ಸುನಂದ, ಇದು?”

“ಕಂದು.”

“ಭೇಷ್. ಇದು?”

“ನೀಲಿ ಮೇಲೆ ಬಿಳಿ ಗೆರೆ.”

ಹೀಗೆ ಹತ್ತು ವೈರು ಆಯಿತು. ಇವರು ತಲೆಕೆಳಗಾಗಿ ಮಲಗಿ ಬೆವರುತ್ತಿದ್ದರು. ಟಾರ್ಚ್ ಹಿಡಿದು ಬಗ್ಗಿ ಬಗ್ಗಿ ನನ್ನ ಸೊಂಟ ಹೋಗಿತ್ತು. ಟಾರ್ಚ್ ಸ್ವಲ್ಪ ಅಲ್ಲಾಡಿತೋ ಇಲ್ಲವೋ, “ಸರಿಯಾಗ್ ಹಿಡಿಯೇ! ಅಷ್ಟೂ ಆಗಲ್ವಾ ನಿನ್ ಕೈಲಿ?” ಅಂತ ಆವಲಪ್ಪಣ್ಣನ ಮುಂದೆಯೇ ಗದರಿದರು. ಯಾರ ಗುಟ್ಟು ಕಾಪಾಡಲು ನಾನು ಇಲ್ಲಿ ಬಗ್ಗಿದ್ದೇನೆ? ನನಗೆ ಸುರ್ರೆಂದು ಕೋಪ ಬಂತು. ಹಲ್ಲು ಕಚ್ಚಿಕೊಂಡೆ.

“ಎಡಗೈಲಿರೋದು?”

“ಪಚ್ಚ!” ಅಂದೆ.

“ಬಲಗೈಲಿರೋದು?”

“ಹಸಿರು!”

“ಭೇಷ್” ಅಂದು ಎರಡನ್ನೂ ಹೊಸೆದು ಟೇಪು ಸುತ್ತಿದರು. ಉಳಿದವನ್ನೂ ಮುಗಿಸಿ ಬ್ಯಾಟರಿ ಸೇರಿಸಿ ಕೀ ತಿರುಗಿಸಿದರು. ಚಟ್ ಅಂತ ಸದ್ದಾಯಿತು. ಡ್ಯಾಶ್‌ಬೋರ್ಡಿನ ಅಡಿಯಿಂದ ಸುಟ್ಟ ವಾಸನೆ, ಒಂದೆಳೆ ಹೊಗೆ. ಇವರು ಓಡಿ ಬ್ಯಾಟರಿ ಕಿತ್ತರು.

ನಾನು ಟಾರ್ಚ್ ಹಾಕಿ ನೋಡಿದೆ. ಟೇಪಿನ ಒಂದು ಕಡೆ ಅರಿಶಿನದಂಥ ಹಳದಿ, ಇನ್ನೊಂದು ಕಡೆ ಎಲೆಯಂಥ ಹಸಿರು. ನಮ್ಮೂರ ತೆಲುಗಿನಲ್ಲಿ ಅರಿಶಿನವೂ ಪಚ್ಚ, ಕಾಮಾಲೆಯೂ ಪಚ್ಚ, ಚೆಂಡುಹೂವೂ ಪಚ್ಚ. ಇವರ ಕನ್ನಡದ ಕಿವಿಗೆ ಪಚ್ಚೆ ಅಂದರೆ ಹಸಿರು. ಎರಡು ವರ್ಷ ಒಂದು ಸಲವೂ ತಪ್ಪದವಳು ಒಂದು ಗಳಿಗೆಯ ಕೋಪಕ್ಕೆ ತವರುಮನೆಯ ಮಾತಾಡಿ ಗಂಡನ ಮನೆ ಮುಳುಗಿಸಿದ್ದೆ.

“ಏನಾಯ್ತು?” ಅಂತ ಆವಲಪ್ಪಣ್ಣ ಎದ್ದು ನಿಂತರು.

“ಪಾರ್ಟೇ ಸರಿ ಇಲ್ಲ ಅಣ್ಣ. ಡೂಪ್ಲಿಕೇಟ್ ಕೊಟ್ಟವ್ರೆ ನಿಮಗೆ” ಅಂದುಬಿಟ್ಟೆ ನಾನು. ಇವರನ್ನು ಉಳಿಸಲು ಆ ಹೊತ್ತಿನಲ್ಲಿ ನನಗೆ ತೋಚಿದ್ದು ಅದೊಂದೇ.

ಇವರು ನನ್ನ ಕಡೆ ತಿರುಗಿದರು. ಬಯ್ಯುತ್ತಾರೆ ಅಂದುಕೊಂಡೆ, ಬಯ್ಯಲಿಲ್ಲ. ಸದಾ ಓಡಾಡುವ ಮನುಷ್ಯ ಹಾಗೇ ನೆಲದ ಮೇಲೆ ಕೂತುಬಿಟ್ಟರು. “ಪಾರ್ಟ್ ಚೆನ್ನಾಗೇ ಐತೆ ಕಣ್ಲಾ ಆವಲಪ್ಪ” ಅಂದರು. “ನನ್ ಕಣ್ಣು ಸರಿ ಇಲ್ಲ. ಬಣ್ಣ ಕಾಣಲ್ಲ ನಂಗೆ. ಎರಡು ವರ್ಷದ ಮೇಲಾಯ್ತು. ಇವಳು ಹೇಳೋದು, ನಾನು ಸೇರ್ಸೋದು. ಕಲಿಸ್ತಿದೀನಿ ಅಂದಿದ್ದೆಲ್ಲ ಸುಳ್ಳು. ನಿನ್ ಗಾಡಿ ಬೇರೆ ಕಡೆ ತಗೊಂಡೋಗು.”

ನನಗೆ ಅಳು ಬಂತು. ಅತ್ತುಬಿಟ್ಟೆ. ಅದರಲ್ಲೇನು ನಾಚಿಕೆ.

ಆವಲಪ್ಪಣ್ಣ ತಲೆಯ ಟವಲ್ಲು ತೆಗೆದು ಕೊಡವಿ ಹೆಗಲಿಗೆ ಹಾಕಿಕೊಂಡರು. “ನಂಗೊತ್ತು ಕಣ್ಲಾ” ಅಂದರು.

“ಏನ್ ಗೊತ್ತು?”

“ಹೋದ ವರ್ಷ ಯುಗಾದಿಗೆ ಸುನಂದಮ್ಮ ತವರಿಗೆ ಹೋಗಿದ್ದಾಗ ನನ್ ಗಾಡಿ ಇಂಡಿಕೇಟರ್ ಹಾಕ್ಕೊಟ್ಟೆಯಲ್ಲ? ಅವತ್ತಿಂದ ಎಡಕ್ಕೆ ಹಾಕಿದ್ರೆ ಬಲಗಡೇದು ಹೊಡ್ಕೊಳ್ತದೆ. ಕೋಲಾರದ ಸರ್ಕಲ್ಲಲ್ಲಿ ಬಸ್ಸಿನೋನು ಹಿಡ್ದು ಉಗಿದ. ಆಮೇಲಿಂದ ಇಂಡಿಕೇಟರ್ ಮುಟ್ಟಿಲ್ಲ. ಕೈ ಹೊರಗೆ ಹಾಕಿ ತೋರಿಸ್ಕೊಂಡು ಓಡಿಸ್ತಿದೀನಿ.”

“ಒಂದೂವರೆ ವರ್ಷದಿಂದ?” ಅಂದರು ನಮ್ಮವರು. “ಬಂದು ಹೇಳೋಕೆ ಏನಾಗಿತ್ಲಾ ನಿಂಗೆ?”

“ಏನಂತ ಹೇಳ್ಲಿ? ಸ್ಕೂಲಲ್ಲಿ ನನ್ ಲೆಕ್ಕ ತಪ್ಪಾದಾಗ ನೀನು ಯಾರ್ಗಾದ್ರೂ ಹೇಳಿದ್ಯಾ?” ಅಂದು ಆವಲಪ್ಪಣ್ಣ ಮತ್ತೆ ಸ್ಟೂಲಿನ ಮೇಲೆ ಕೂತರು. “ಕೋಲಾರದಲ್ಲಿ ಹತ್ತಂಗಡಿ ದಾಟಿ ಇಲ್ಲಿಗೆ ಬಂದಿದೀನಿ. ಗೂಡು ಕಾಯ್ತೈತೆ, ಏಳು. ಸುನಂದಮ್ಮ, ನೀನೂ ಕಣ್ಣೊರೆಸ್ಕೊ, ಬಣ್ಣ ಕಾಣ್ಬೇಕಲ್ಲ.”

ಇವರು ಎದ್ದು ಫ್ಯೂಸ್ ಬಾಕ್ಸ್ ತೆಗೆದರು. ಫ್ಯೂಸು ತಾನು ಸುಟ್ಟುಹೋಗಿ ಡಬ್ಬಿಯನ್ನು ಉಳಿಸಿತ್ತು, ಎರಡು ವೈರಿನ ತುದಿ ಮಾತ್ರ ಕರಕಲಾಗಿತ್ತು. ತುದಿ ಕತ್ತರಿಸಿ, ಹದಿನಾಲ್ಕನ್ನೂ ಮೊದಲಿನಿಂದ ಒಂದೊಂದಾಗಿ ನೋಡಿದೆವು. ಈ ಸಲ ಮೇಷ್ಟ್ರಾಟ ಇರಲಿಲ್ಲ, ಭೇಷ್ ಇರಲಿಲ್ಲ. ಹೊಸ ಫ್ಯೂಸು ಹಾಕಿ, ಕೀ ಕೊಟ್ಟು, ಗುಂಡಿ ತಿರುಗಿಸಿದರು. ಗಾಡಿಯ ಹೊಟ್ಟೆಯಲ್ಲಿ ಕಟಕ್ ಅಂತು. ಲೈಟು ಮಿಣುಕದೆ ನೆಟ್ಟಗೆ ಹತ್ತಿ ನಿಂತಿತು. ಆವಲಪ್ಪಣ್ಣ ಡೋರು ತೆಗೆದು ಹತ್ತಿ ಕೂತರು, ಅಭ್ಯಾಸಬಲದಿಂದ ಬಲಗೈ ಕಿಟಕಿಯ ಹೊರಗೆ ಚಾಚಿದರು.

ಇವರು ಓಡಿ ಹೋಗಿ ಗಾಡಿಗೆ ಅಡ್ಡ ನಿಂತರು. “ಇಳೀಲಾ ಕೆಳಗೆ!” ಅಂತ ಗದರಿ, ಸ್ಕ್ರೂಡ್ರೈವರ್ ತೆಗೆದುಕೊಂಡು ಹಿಂದಿನ ಇಂಡಿಕೇಟರ್ ಬಿಚ್ಚಲು ಕುಕ್ಕರುಗಾಲಲ್ಲಿ ಕೂತರು. ಎರಡು ವೈರು ಹೊರಗೆಳೆದು ನನ್ನ ಮುಖಕ್ಕೆ ಹಿಡಿದರು.

“ಹೇಳೇ ಸುನಂದ, ಇದು ಯಾವ ಬಣ್ಣ? ಕನ್ನಡದಲ್ಲಿ ಹೇಳು.”