ಯಲ್ಲಪ್ಪ ಮಾವನ ಹಗ್ಗ ಹರಿಯಲಿಲ್ಲ

ಸವಣೂರಿನ ಮಹಾಂತೇಶ ಇವತ್ತಿಗೂ ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಾನೆ. ಯಲ್ಲಪ್ಪನ ಹಳೇ ಹಗ್ಗ ಹರಿಯಿತಂತೆ, ಅದಕ್ಕೇ ಅವನು ಸತ್ತನಂತೆ, ಆದ್ದರಿಂದ ಗುಡ್ಡ ಹತ್ತುವವರು ಇವನ ಹತ್ತಿರ ಹೊಸ ಹಗ್ಗ, ಹೊಸ ಹೆಲ್ಮೆಟ್ ಬಾಡಿಗೆಗೆ ತೆಗೆದುಕೊಳ್ಳಬೇಕಂತೆ. ಮಾಸೂರಿನ ಮದಗದ ಕೆರೆಯ ದಂಡೆಗೆ ಡೇರೆ ಹೊಡೆದು ಪ್ಯಾಟಿ ಮಂದಿಯನ್ನು ಗುಡ್ಡ ಹತ್ತಿಸುವ ಧಂದೆ ಅವನದು. ಈ ಮಾತಿಗೆ ನಾನು ಅವನನ್ನು ಒಮ್ಮೆ ರಟ್ಟೀಹಳ್ಳಿ ಸಂತೆಯಲ್ಲಿ ಕೆಡವಿ ಹೊಡೆದಿದ್ದೇನೆ. ಇನ್ನೊಮ್ಮೆ ಅವನ ಡೇರೆಯ ಮುಂದೆಯೇ ಹೊಡೆದಿದ್ದೇನೆ. ಪೊಲೀಸರು ಕರೆಸಿ ಬುದ್ಧಿ ಹೇಳಿ ಕಳಿಸಿದರು. ಬುದ್ಧಿ ಬಂದಿಲ್ಲ, ಬರುವುದೂ ಬೇಡ. ಹಗ್ಗ ಹರಿಯಲಿಲ್ಲ. ಅದರ ಈ ಕಡೆಯ ತುದಿ ನನ್ನ ಕೈಯಲ್ಲಿತ್ತು. ನನಗಿಂತ ಹೆಚ್ಚು ಯಾವನಿಗೆ ಗೊತ್ತು?

ನನ್ನ ಹೆಸರು ಕೊಟ್ರೇಶ. ಊರು ತಿಳವಳ್ಳಿ. ಮೂರು ಗಾಲಿಯ ಬಾಡಿಗೆ ಟಂಟಂ ಓಡಿಸುತ್ತೇನೆ. ಶಾಲೆಗೆ ಹೋದದ್ದು ಕಡಿಮೆ, ಅದಕ್ಕೇ ಇದನ್ನು ಇದ್ದದ್ದು ಇದ್ದಂಗೆ ಬರೆಯುತ್ತಿದ್ದೇನೆ. ಯಲ್ಲಪ್ಪ ನನ್ನ ಅಕ್ಕ ದುರಗವ್ವನ ಗಂಡ, ಮಾಸೂರಿನವನು. ನಾನು ಕರೆಯುತ್ತಿದ್ದದ್ದು ಮಾವ ಅಂತ. ಅವನು ನನ್ನನ್ನು ಕರೆಯುತ್ತಿದ್ದ ಹೆಸರುಗಳನ್ನು ಇಲ್ಲಿ ಬರೆಯಲು ಬರುವುದಿಲ್ಲ.

ಅವರ ಮನೆತನದ್ದು ಬಂಡೆಯಿಂದ ಹೆಜ್ಜೇನು ಇಳಿಸುವ ಕೆಲಸ. ಅದರಲ್ಲಿ ಒಂದು ಕಟ್ಟಳೆ ಇದೆ. ಇಳಿಯುವವನ ಹಗ್ಗವನ್ನು ಅವನ ಹೆಂಡತಿಯ ತಮ್ಮನೋ ಅಣ್ಣನೋ ಹಿಡಿಯಬೇಕು. ಒಡಹುಟ್ಟಿದ ತಮ್ಮ ಹಿಡಿಯುವಂತಿಲ್ಲ, ಅವನಿಗೆ ಹೊಲದ ಪಾಲಿನ ಆಸೆ ಇದ್ದೀತು. ಹೆಂಡತಿಯ ತಮ್ಮನಾದರೆ ಅಕ್ಕನ ಕುಂಕುಮ ನೆನೆದು ಗಟ್ಟಿಯಾಗಿ ಹಿಡಿಯುತ್ತಾನೆ. ಇನ್ನೊಂದು ಕಟ್ಟಳೆ, ಇಳಿಯುವವನು ಮುಂಚೆ ಹಗ್ಗ ಹಿಡಿಯುವವನನ್ನು ಕೇಳಬೇಕು, ನಮ್ಮೊಳಗ ಏನರ ಐತೇನು ಅಂತ. ಇಲ್ಲ ಅಂದರೆ ಇಳಿಯುತ್ತಾನೆ. ಐತಿ ಅಂದರೆ ಅದನ್ನು ಅಲ್ಲೇ ಮುಗಿಸಿಯೇ ಹಗ್ಗ ಮುಟ್ಟಬೇಕು. ಮನಸ್ಸಿನಲ್ಲಿ ಜಗಳ ಇಟ್ಟುಕೊಂಡ ಕೈ ಯಾವಾಗ ಸಡಿಲಾಗುತ್ತದೆ ಅಂತ ಆ ಕೈಗೇ ಗೊತ್ತಿರುವುದಿಲ್ಲ.

ವಯಸ್ಸಿನಲ್ಲಿ ಮಾವ ಶಿಗ್ಗಾಂವಿ ಕಡೆ ಕಲ್ಲು ಒಡೆಯುವ ಕಣಿಯಲ್ಲಿ ದುಡಿದ. ಅಲ್ಲಿ ಅಜ್ಜಪ್ಪ ಅಂತ ಅವನ ಜೋಡಿ ಒಬ್ಬನಿದ್ದ, ಇಬ್ಬರೂ ಒಂದೇ ಬುತ್ತಿ ಬಿಚ್ಚುತ್ತಿದ್ದರು. ಒಂದು ದಿನ ಅಜ್ಜಪ್ಪ ಹಗ್ಗದ ಮೇಲೆ ಇಳಿದಾಗ ಬಂಡೆಯ ಅಂಚಿಗೆ ಗೋಣಿಚೀಲ ಹಾಕುವುದನ್ನು ಯಾರೋ ಮರೆತಿದ್ದರು. ಕಲ್ಲಿನ ಅಂಚು ಹಗ್ಗವನ್ನು ಕುಡುಗೋಲಿನ ಹಾಗೆ ಕೊಯ್ಯಿತು. ಮಾವ ಕೆಳಗೇ ನಿಂತಿದ್ದ. ಅಜ್ಜಪ್ಪನ ತಲೆ ಅವನ ಕಾಲ ಮುಂದೆ ಒಡೆಯಿತು, ರಕ್ತ ಧೋತರಕ್ಕೆ ಸಿಡಿಯಿತು. ಅವತ್ತಿನಿಂದ ಈ ವಿಷಯದಲ್ಲಿ ಮಾವನ ಬಾಯಿಗಿಂತ ಕೈ ಮುಂದೆ ಹೋಗುತ್ತಿತ್ತು.

ಮಾಸೂರಿಗೆ ವಾಪಸು ಬಂದ ಮೇಲೆ ಗುಡ್ಡದ ದಾರಿಯಲ್ಲೇ ಅವನ ಹೊಲ. ಹತ್ತುವ ಮಂದಿಯೆಲ್ಲ ಅವನ ಬದುವಿನ ಮೇಲೇ ಹಾಯಬೇಕು. ಹಾದವರನ್ನು ಅವನು ನಿಲ್ಲಿಸಿ ಮೈಮೇಲಿನ ಸಾಮಾನು ನೋಡುತ್ತಿದ್ದ. ಅದನ್ನು ಮಾಡಲು ಅವನಿಗೆ ಯಾರೂ ಹೇಳಿರಲಿಲ್ಲ. ಹುಬ್ಬಳ್ಳಿಯ ಒಬ್ಬ ಹುಡುಗ ರಬ್ಬರ್ ಚಪ್ಪಲಿ ಹಾಕಿಕೊಂಡು ಬಂದಿದ್ದ. ಮಾವ ಅವನನ್ನು ಕೂಡಿಸಿ, ಎರಡೂ ಚಪ್ಪಲಿ ಕಿತ್ತು ಕೆರೆಗೆ ಒಗೆದ.

"ಅಯ್ಯ! ನನ್ನ ಚಪ್ಪಲ್ರೀ!"

"ಚಪ್ಪಲಿ ಹೋತು, ಕಾಲು ಉಳೀತು. ಬೂಟು ಹಾಕ್ಕೊಂಡು ಬಾ, ಇಲ್ಲಾಂದ್ರ ನಿಮ್ಮವ್ವನ್ನ ಕರ್ಕೊಂಡು ಬಾ, ಎತ್ತಿಗೊಂಡು ಹತ್ತಸ್ತಾಳ."

ಇನ್ನೊಬ್ಬ ಮೈತುಂಬ ಸೆಂಟು ಹೊಡೆದುಕೊಂಡು ಬಂದ. ಮಾವ ಅವನ ಕುತ್ತಿಗೆ ಪಟ್ಟಿ ಹಿಡಿದು ಮೂಸಿ ನೋಡಿ, ಕಪಾಳಕ್ಕೆ ಒಂದು ಬಿಟ್ಟ. "ಹೆಜ್ಜೇನಿನ ಮನೀಗೆ ಬೀಗತನ ಮಾಡಾಕ ಹೊಂಟಿಯೇನು? ಮೊದಲ ಮೈ ತೊಳಕೋ ಹೋಗು!" ಆಮೇಲೆ ತನ್ನ ಬಾನಿಯ ನೀರನ್ನು ತಾನೇ ಅವನ ತಲೆಗೆ ಸುರಿದ. ಸುರಿಯುತ್ತಲೇ ಹೇಳಿದ, "ಜೇನು ಎದ್ರ ಬಡೀಬ್ಯಾಡ. ಮಾರಿ ಮುಚ್ಕೊಂಡು ಓಡು, ನಿಲ್ಲಬ್ಯಾಡ. ನೀರಿಗೆ ಹಾರಬ್ಯಾಡ, ಅವು ನೀ ಏಳೂತನಕ ಮ್ಯಾಲ ಕಾಯ್ತಾವ."

ಮಹಾಂತೇಶನಿಗೂ ಅವನ ಕೈಯ ರುಚಿ ಸಿಕ್ಕಿತ್ತು. ಒಂದೇ ಗಿಡಕ್ಕೆ ಹಗ್ಗ ಕಟ್ಟಿ ಮಂದಿಯನ್ನು ಇಳಿಸುತ್ತಿದ್ದಾಗ ಮಾವ ಹೋಗಿ ಅವನ ಬೆನ್ನಿಗೆ ಗುದ್ದಿದ್ದ. "ಒಂದು ಗಿಡ ಕೈ ಕೊಟ್ರ ಇನ್ನೊಂದು ಇರ್ಬೇಕಲೇ. ಎರಡು ಕಡೆ ಕಟ್ಟು. ಕೆಳಗಿನ ತುದೀಗೆ ಗಂಟು ಹಾಕು, ಇಲ್ಲಾಂದ್ರ ಹಗ್ಗ ಮುಗದದ್ದು ಗೊತ್ತಾಗೋದು ಗಾಳ್ಯಾಗ." ಮಹಾಂತೇಶ ಜನರ ಮುಂದೆ ನಕ್ಕು, "ಯಜಮಾನ್ರ, ಇದು ಪರದೇಶದ ಹಗ್ಗರಿ, ಟ್ರಕ್ ಎತ್ತತೈತಿ" ಅಂದ. "ಹಗ್ಗ ಟ್ರಕ್ ಎತ್ತೀತು, ಗಿಡ ನಿನ್ನ ಎತ್ತತೈತೇನು?" ಅಂತ ಮಾವ ಇನ್ನೊಂದು ಗುದ್ದಿದ.

ದೀಪಾವಳಿ ಮುಗಿದು ಚಳಿ ಬಿದ್ದಿತ್ತು. ನಾನು ಮಾಸೂರಿನಿಂದ ಗೋವಿನಜೋಳದ ಚೀಲ ಹೇರಿದ್ದೆ. ಮಾವ ಹಳತಾದ ತನ್ನ ನೀಲಿ ಹಗ್ಗವನ್ನು ಯಾರೂ ಮತ್ತೆ ಬಳಸದಿರಲಿ ಅಂತ ತುಂಡು ತುಂಡು ಮಾಡಿ ತಿಪ್ಪೆಗೆ ಎಸೆಯುತ್ತಿದ್ದ. ಆ ತುಂಡುಗಳನ್ನೇ ಗಂಟು ಹಾಕಿ ನಾನು ಚೀಲಗಳಿಗೆ ಬಿಗಿದಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ಮಾವ ಬಂದ, ನೀಲಿ ಬಣ್ಣ ನೋಡಿದ, ಕೇಳಲಿಲ್ಲ, ಕೂತ ಸೀಟಿನಿಂದ ನನ್ನನ್ನು ಎಳೆದು ಕಪಾಳಕ್ಕೆ ಹೊಡೆದ.

"ಜೀವ ಹೊರೋ ಹಗ್ಗದಿಂದ ಚೀಲ ಕಟ್ಟೀಯಲ್ಲೋ ಕತ್ತೀ ಮಗನ!"

ಸುತ್ತ ಮಂದಿ ನಿಂತಿದ್ದರು. ಇದು ನೀನೇ ಕತ್ತರಿಸಿ ಬಿಸಾಕಿದ ಹಗ್ಗ ಅಂತ ನಾನು ಒದರಿದೆ. ಅವನು ಗಂಟುಗಳನ್ನು ನೋಡಿದ. ತಪ್ಪಾಯಿತು ಅನ್ನಲಿಲ್ಲ. ನನ್ನ ಕಿವಿ ಗುಂಯ್ ಅನ್ನುತ್ತಿತ್ತು. ಅವನ ಕೊರಳಿಗೆ ಕೈ ಹಾಕುವವನೇ ಇದ್ದೆ, ಅಷ್ಟರಲ್ಲಿ ಗುಡ್ಡದ ಬುಡದಲ್ಲಿ ಹೊಗೆ ಎದ್ದದ್ದು ಕಾಣಿಸಿತು. ಕರ್ರಗಿನ ಹೊಗೆ, ಪ್ಲಾಸ್ಟಿಕ್ ಸುಟ್ಟ ಹೊಗೆ. ಹೆಜ್ಜೇನಿನ ಬಂಡೆಯ ನೇರ ಕೆಳಗೆ ಯಾರೋ ಚಹಾಕ್ಕೆ ಒಲೆ ಹೂಡಿದ್ದರು.

ಮಾವ ನನ್ನ ಟಂಟಂನಲ್ಲಿ ಹತ್ತಿ ಕೂತ. "ಮನೀಗೆ ಹೋಗಿ ಹಗ್ಗ, ಕಂಬಳಿ ತಗೊಂಡು ಗುಡ್ಡಕ್ಕ ನಡಿ." ಚೀಲ ಇಳಿಸಲಿಲ್ಲ.

ಹಿಂದಿನ ಇಳಿಜಾರಿನಿಂದ ಹತ್ತುವಾಗ ಮಹಾಂತೇಶನ ಮಂದಿ ತಲೆಗೆ ಬಟ್ಟೆ ಸುತ್ತಿಕೊಂಡು ಎದುರಿಗೆ ಓಡಿ ಬಂದರು. ಒಬ್ಬಳು ಬಿದ್ದು ಮೊಣಕಾಲು ತರಚಿಕೊಂಡು, ಅಳುತ್ತಲೇ ಹೇಳಿದಳು, "ಸರ್ ಕೆಳಗ ಅದಾರ್ರೀ! ಗಿಡ ಕಿತ್ತು ಬಂತ್ರೀ!"

ಮಂದಿಯನ್ನು ಇಳಿಸುವ ಮುಂಚೆ ತಾನು ಇಳಿದು ತೋರಿಸಲು ಮಹಾಂತೇಶ ಹೋಗಿದ್ದನಂತೆ. ಹಗ್ಗ ಒಂದೇ ಕವಳಿ ಗಿಡಕ್ಕೆ. ಜೇನು ಎದ್ದ ಕೂಡಲೇ ಅವನು ಒದ್ದಾಡಿದ, ಗಿಡ ಬೇರುಸಹಿತ ಕಿತ್ತಿತು, ಅವನು ಬಂಡೆಯ ನಡುವೆ ಮುಂದೆ ಬಂದ ಕಲ್ಲಿನ ಚಾಚಿನ ಮೇಲೆ ಬಿದ್ದ, ಹಗ್ಗ ಪಾತಾಳಕ್ಕೆ ಹೋಯಿತು. ನಾವು ಅಂಚಿಗೆ ಹೋಗಿ ನೋಡಿದಾಗ ಅವನು ನಾಲ್ಕಾಳು ಕೆಳಗೆ ನಿಂತು ಎರಡೂ ಕೈಯಿಂದ ತನ್ನ ಮುಖ ಬಡಿದುಕೊಳ್ಳುತ್ತಿದ್ದ. ಚಾಚು ಮಂಚದಷ್ಟೂ ಅಗಲವಿಲ್ಲ. ಇನ್ನೆರಡು ಸಲ ಹಾಗೆ ಬಡಿದುಕೊಂಡರೆ ತಾನೇ ಕೆಳಗೆ ಬೀಳುತ್ತಿದ್ದ.

ಮಾವ ಹಗ್ಗದ ಮೇಲಿನ ತುದಿಯನ್ನು ಒಂದು ದಪ್ಪ ಮರಕ್ಕೂ ಇನ್ನೊಂದು ಮರಕ್ಕೂ, ಎರಡು ಕಡೆ ಕಟ್ಟಿದ. ಅಂಚಿಗೆ ಗೋಣಿಚೀಲ ಮಡಿಸಿ ಹಾಸಿ, ಅದು ಜಾರದಂತೆ ಕಲ್ಲು ಹೇರಿದ. ಕೆಳಗಿನ ತುದಿಗೆ ಗಂಟು ಹಾಕಿದ. ಹಗ್ಗವನ್ನು ಉದ್ದಕ್ಕೂ ಬೆರಳಲ್ಲಿ ಎಳೆದು ನೋಡಿದ. ಅಷ್ಟರಲ್ಲಿ ಜೇನು ನಮಗೂ ಮುತ್ತಿದವು.

"ಲಗೂ ಮಾಡು ಮಾವ, ಅಂವ ಸಾಯಾಕತ್ತಾನ!"

"ಲಗೂ ಮಾಡಿದ್ರ ಇಬ್ಬರು ಸಾಯ್ತೇವಿ." ಸೊಂಟಕ್ಕೆ, ತೊಡೆಗಳಿಗೆ ಹಗ್ಗ ಬಿಗಿದುಕೊಂಡು ನನ್ನ ಮುಂದೆ ಬಂದು ನಿಂತ. "ಕೊಟ್ರ್ಯಾ, ನಮ್ಮೊಳಗ ಏನರ ಐತೇನು?"

ಕೆಳಗೆ ಒಬ್ಬ ಕಿರುಚುತ್ತಿದ್ದಾನೆ. ಇಲ್ಲ ಅಂದುಬಿಡಬಹುದಾಗಿತ್ತು. ಆದರೆ ಹಗ್ಗದ ಮುಂದೆ ಸುಳ್ಳು ಹೇಳುವವನು ನಾನಲ್ಲ.

"ಐತಿ."

"ಹಂಗಾದ್ರ ಹೊಡಿ."

ಹೊಡೆದೆ. ಬಸ್ ಸ್ಟ್ಯಾಂಡಿನ ಸಿಟ್ಟೆಲ್ಲ ಮುಷ್ಟಿಗೆ ಬಂದಿತ್ತು. ಅವನ ತುಟಿ ಸೀಳಿ ರಕ್ತ ಗದ್ದಕ್ಕೆ ಇಳಿಯಿತು. ಒಂದು ಹೆಜ್ಜೆ ಹಿಂದೆ ಸರಿದು, ಉಗುಳಿ, ನನ್ನನ್ನು ನೋಡಿ ನಕ್ಕ.

"ನಾ ಅಂಗೈಲೆ ಹೊಡದಿದ್ನಿ, ನೀ ಮುಷ್ಟೀಲೆ ಹೊಡದಿ. ಹೆಚ್ಚಿಗಿ ಆತಲೇ. ಉಳದದ್ದು ಮ್ಯಾಲ ಬಂದು ಕೊಡ್ತೇನಿ."

"ಬಾ, ಕೊಡುವಂತಿ. ಹಲ್ಲು ಬಿಗಿ ಹಿಡ್ಕೊಂಡು ನಿಂತಿರ್ತೇನಿ."

ಕಂಬಳಿ ಹೊದ್ದು, ಕಣಿಯಲ್ಲಿ ಕೊಟ್ಟಿದ್ದ ಹಳದಿ ಹೆಲ್ಮೆಟ್ ಹಾಕಿಕೊಂಡು ಇಳಿದ. ನಾನು ಹಗ್ಗವನ್ನು ಮರಕ್ಕೆ ಎರಡು ಸುತ್ತು ಹಾಕಿ ಸ್ವಲ್ಪ ಸ್ವಲ್ಪವೇ ಬಿಟ್ಟೆ. ಜೇನು ನನ್ನ ರೆಪ್ಪೆ, ಮೂಗು, ಬೆರಳ ಸಂದಿಗೆ ಚುಚ್ಚಿದವು. ಕೈ ಬಿಟ್ಟು ಒರೆಸಿಕೊಳ್ಳುವಂತಿಲ್ಲ. ಕೆಳಗಿನಿಂದ ಕಪಾಳಕ್ಕೆ ಬಿದ್ದ ಸಪ್ಪಳ ಕೇಳಿಸಿತು, ಮತ್ತೊಂದು ಕೇಳಿಸಿತು. "ಬಡಕೋಬ್ಯಾಡಲೇ! ಕೈ ತಗಿ! ನಿಂದರು, ಕಟ್ತೇನಿ!" ಮಹಾಂತೇಶನ ಕಿರುಚಾಟ ನಿಂತಿತು. ಆಮೇಲೆ ಹಗ್ಗ ಮೂರು ಸಲ ಜಗ್ಗಿತು. ಎಳಿ ಅಂತ ಅದರ ಅರ್ಥ.

ಅವನು ಕಾಲೂರಿ ಹತ್ತಿದಷ್ಟು ನಾನು ಹಗ್ಗ ಬಿಗಿಗೊಳಿಸಿದೆ. ಗೋಣಿಚೀಲದ ಮೇಲೆ ಮೊದಲು ಬಂದದ್ದು ಹಳದಿ ಹೆಲ್ಮೆಟ್. ಅದರ ಕೆಳಗೆ ಮಾವನ ಮುಖವಿರಲಿಲ್ಲ, ಮಹಾಂತೇಶನ ಮುಖವಿತ್ತು. ಕಂಬಳಿಯೂ ಅವನ ಮೈಮೇಲೇ ಇತ್ತು. ಮಾವ ಎರಡನ್ನೂ ಅವನಿಗೆ ಕೊಟ್ಟು, ತನ್ನ ಹಗ್ಗವನ್ನೂ ಬಿಚ್ಚಿ ಅವನಿಗೇ ಕಟ್ಟಿ, ಬರಿಮೈಯಲ್ಲಿ ಚಾಚಿನ ಮೇಲೆ ನಿಂತಿದ್ದ.

"ಕಂಬಳಿ ಒಗಿಯೋ ಕೆಳಗ! ಮಾವ ಅದಾನ ಕೆಳಗ!"

ಮಹಾಂತೇಶ ಸೊಂಟದ ಗಂಟು ಬಿಚ್ಚಿದ. ನನ್ನ ಮುಖ ನೋಡಿದ. ಕಂಬಳಿ ಹೊದ್ದುಕೊಂಡೇ ಓಡಿದ. ನಾನು ಹಗ್ಗ ಬಿಟ್ಟು ಅವನ ಹಿಂದೆ ಹೋಗುವಂತಿರಲಿಲ್ಲ.

ನನ್ನ ಅಂಗಿ ಬಿಚ್ಚಿ ಹಗ್ಗದ ತುದಿಗೆ ಕಟ್ಟಿ ಕೆಳಗೆ ಬಿಟ್ಟೆ. ಬಹಳ ಹೊತ್ತು ಹಗ್ಗ ಜಗ್ಗಲಿಲ್ಲ. ಮಾವ, ಮಾವ ಅಂತ ಒದರಿದರೆ ಗುಂಯ್ಗುಡುವ ಸದ್ದೊಂದೇ. ಬಾತ ಬೆರಳಿನಲ್ಲಿ ಗಂಟು ಹಾಕಲು ಅವನು ಒದ್ದಾಡುತ್ತಿದ್ದ ಅಂತ ಆಮೇಲೆ ಗೊತ್ತಾಯಿತು. ಕೊನೆಗೆ ಜಗ್ಗಿತು. ನನ್ನ ಒಂದು ಕಣ್ಣು ಪೂರ್ತಿ ಮುಚ್ಚಿತ್ತು, ಅಂಗೈ ಸುಲಿದು ಹಗ್ಗ ಕೆಂಪಾಗಿತ್ತು. ಎಳೆದೆ. ಗೋಣಿಚೀಲದ ಮೇಲೆ ಮಾವ ಹೊಟ್ಟೆಯ ಮೇಲೆ ತೆವಳುತ್ತ ಬಂದ. ಹಗ್ಗ ಇಡಿಯಾಗಿತ್ತು, ಗಂಟು ಇಡಿಯಾಗಿತ್ತು. ಮುಖ ಮಾತ್ರ ಮನುಷ್ಯನ ಮುಖದ ಹಾಗೆ ಇರಲಿಲ್ಲ.

ಅವನನ್ನು ಹೊತ್ತು ಕೆಳಗೆ ತಂದೆ. ನನಗೆ ದಾರಿ ಕಾಣುತ್ತಿರಲಿಲ್ಲ, ಹಾಲಿನ ಗಾಡಿಯ ನಯೀಮ ನನ್ನ ಟಂಟಂ ಹಿಡಿದು ಹಿರೇಕೆರೂರಿನ ದವಾಖಾನೆಯ ಕಡೆ ಬಿಟ್ಟ. ಜೋಳದ ಚೀಲಗಳ ಮೇಲೆ ಮಾವನನ್ನು ಮಲಗಿಸಿ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಎದೆ ಗೊರಗೊರ ಅನ್ನುತ್ತಿತ್ತು. ಅರ್ಧ ದಾರಿಯಲ್ಲಿ ಅವನ ಬಲಗೈ ಎದ್ದಿತು. ಬಾತು ಬೆರಳೆಲ್ಲ ಕೂಡಿಕೊಂಡಿದ್ದವು. ನನ್ನ ಕಪಾಳದ ಹತ್ತಿರ ಬಂತು. ನಾನು ಮುಖ ಬಗ್ಗಿಸಿ, ಹಲ್ಲು ಬಿಗಿಹಿಡಿದು ಕಾದೆ. ಅದು ಮುಟ್ಟಲಿಲ್ಲ. ನಡುವೆಯೇ ಚೀಲದ ಮೇಲೆ ಬಿತ್ತು. ಆಮೇಲೆ ಗೊರಗೊರವೂ ನಿಂತಿತು.

ದವಾಖಾನೆಯ ಕಟ್ಟೆಯ ಮೇಲೆ ಅಕ್ಕ ಅಳಲಿಲ್ಲ. ಮೊದಲು ನನ್ನ ಅಂಗೈ ಬಿಡಿಸಿ ನೋಡಿದಳು.

"ಹಗ್ಗ ಬಿಡ್ಲಿಲ್ಲ ಹೌದಲ್ಲೋ?"

"ಬಿಡ್ಲಿಲ್ಲ ಅಕ್ಕ."

ಕೆಲವು ದಿನಗಳಾದ ಮೇಲೆ, ಮಣ್ಣು ಮುಚ್ಚಿ ಎಲ್ಲ ಕಾರ್ಯ ಮುಗಿದ ಮೇಲೆ, ಒಂದು ಮುಂಜಾನೆ ಅವಳ ಮುಂದೆ ಹೋಗಿ ಕೂತೆ. ಮಾವನದು ನನ್ನ ಮೇಲೆ ಒಂದು ಹೊಡೆತ ಉಳಿದಿದೆ, ಅವನ ಬದಲು ನೀನು ಹೊಡೆ ಅಂದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಹಿಟ್ಟಿನ ಕೈ ಎತ್ತಿ, ಹಾಗೇ ಇಳಿಸಿದಳು.

"ನಾ ಹೊಡದ್ರ ಅದು ನನ್ನ ಹೊಡ್ತ ಆಕ್ಕೈತೋ ತಮ್ಮಾ. ಅಂವಂದು ಹಂಗ ಉಳೀತೈತಿ."