ಸುಲ್ತಾನರ ನಕ್ಷತ್ರ, ನನ್ನ ಹುಣಸೆಹಣ್ಣು

ಬೆಳ್ಳಿ, ಹಿತ್ತಾಳೆ ತೊಳೆಯುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬ ನನಗೆ ಬಹಳ ವರ್ಷ ಇತ್ತು. ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದ ನಮ್ಮ ಕಟ್ಟಡದಲ್ಲಿ ಯಾರ ಮನೆಯಲ್ಲಿ ಪೂಜೆಯಿದ್ದರೂ ದೀಪಗಳು ಮೊದಲು ನನ್ನ ಅಡುಗೆಮನೆಯ ಸಿಂಕಿಗೆ ಬರುತ್ತಿದ್ದವು. ಹುಣಸೆಹಣ್ಣು, ಕಲ್ಲುಪ್ಪು, ಉಜ್ಜಲಿಕ್ಕೆ ತೆಂಗಿನ ನಾರು, ಅಷ್ಟೇ. ಉಡುಪಿ ಕಡೆಯ ನನ್ನ ಅಜ್ಜಿ ಕಲಿಸಿದ್ದು. ಆ ಜಂಬ ಯಾರ ತಲೆಯ ಮೇಲೆ ಹೋಗಿ ಬಿತ್ತು ಎಂಬುದನ್ನು ಈಗ ಬರೆಯುತ್ತಿದ್ದೇನೆ. ಬರೆದರೆ ಮನಸ್ಸು ಹಗುರವಾಗುತ್ತದೆ ಎಂಬ ಭ್ರಮೆಯೇನೂ ನನಗಿಲ್ಲ.

ಹದಿನಾರು ವರ್ಷ ನಾನು ಒಬ್ಬ ಮಲಯ ಎಂಜಿನಿಯರರ ಬಳಿ ಸೆಕ್ರೆಟರಿಯಾಗಿದ್ದೆ. ಹಡಗುಗಳನ್ನು ಪರೀಕ್ಷಿಸಿ ವರದಿ ಕೊಡುವ ಸಣ್ಣ ಕಚೇರಿ. ಅವರು, ನಾನು, ಇಬ್ಬರು ಸರ್ವೇಯರುಗಳು. ಕಂಪ್ಯೂಟರ್ ಎದುರಿಗಿದ್ದರೂ ಅವರು ಪ್ರತಿಯೊಂದು ಪತ್ರವನ್ನೂ ಕೈಯಲ್ಲೇ ಬರೆದು ನನ್ನ ಮೇಜಿನ ಮೇಲಿಡುತ್ತಿದ್ದರು, ನಾನು ಟೈಪ್ ಮಾಡುತ್ತಿದ್ದೆ. ಅವರ ಕಾಗೆಕಾಲು ಗುಬ್ಬಿಕಾಲು ಅಕ್ಷರ ಅವರ ಹೆಂಡತಿಗೇ ಓದಲು ಬರುತ್ತಿರಲಿಲ್ಲ. ನನಗೆ ಬರುತ್ತಿತ್ತು. ಅದೂ ಒಂದು ಜಂಬವೇ.

ನಾನು ಸೇರಿ ಏಳೆಂಟು ವರ್ಷವಾಗಿದ್ದಾಗ, ಅವರ ದೇಶದ ಸುಲ್ತಾನರು ತಮ್ಮ ಹುಟ್ಟುಹಬ್ಬಕ್ಕೆ ಪ್ರಕಟಿಸುವ ಗೌರವದ ಪಟ್ಟಿಯಲ್ಲಿ ಇವರ ಹೆಸರು ಬಂತು. ಊರಿಗೆ ಹೋಗಿ, ಕಪ್ಪು ಉಡುಪು, ಕಪ್ಪು ಟೋಪಿ ತೊಟ್ಟು, ಅರಮನೆಯಲ್ಲಿ ಸಾಲಾಗಿ ನಿಂತು, ಎದೆಗೆ ಸಿಕ್ಕಿಸುವ ನಕ್ಷತ್ರದ ಪದಕ ಪಡೆದು ಬಂದರು. ಅಂದಿನಿಂದ ಅವರ ಹೆಸರಿನ ಮೊದಲು ‘ದಾತೋ’ ಸೇರಿತು. ಹೆಂಡತಿ ‘ದಾತಿನ್’ ಆದರು. ನಮ್ಮ ಕಡೆಯ ಗುತ್ತಿನ ಮನೆಗಳಲ್ಲಿ ಯಜಮಾನನಿಗೆ ಪಟ್ಟವಾದ ಮೇಲೆ ಹಳೆಯ ಹೆಸರು ಹಿಡಿದು ಯಾರೂ ಕರೆಯುವುದಿಲ್ಲ. ಹಾಗಾಗಿ ನನಗೆ ಇದೇನೂ ವಿಚಿತ್ರ ಅನ್ನಿಸಲಿಲ್ಲ. ಅವರು ಬಂದ ದಿನವೇ ‘ಸರ್’ ಬಿಟ್ಟು ‘ದಾತೋ’ ಎಂದೆ. ಅವರ ಕಿವಿ ಕೆಂಪಾಯಿತು.

ಆದರೆ ಅಬುಧಾಬಿಗೆ ಯಾವ ದಾತೋ? ಬ್ಯಾಂಕಿನಲ್ಲಿ ಅವರು ಒಂದು ಟೋಕನ್ ನಂಬರು, ಕ್ಲಿನಿಕ್ಕಿನಲ್ಲಿ ಎಮಿರೇಟ್ಸ್ ಐಡಿಯ ಮೇಲಿನ ಮೊದಲ ಹೆಸರು, ಸರ್ವೇಯರುಗಳಿಗೆ ಬಾಸ್. ವರ್ಷಕ್ಕೆ ಒಂದು ಸಂಜೆ ಮಾತ್ರ ಅವರಿಗೆ ತಮ್ಮ ಪದವಿ ಪೂರ್ತಿಯಾಗಿ ಸಿಗುತ್ತಿತ್ತು. ಸುಲ್ತಾನರ ಹುಟ್ಟುಹಬ್ಬಕ್ಕೆ ರಾಯಭಾರಿಯವರ ಮನೆಯಲ್ಲಿ ಔತಣ. ಎದೆಯ ಮೇಲೆ ನಕ್ಷತ್ರ ಧರಿಸಿ ಹೋಗಬೇಕು. ಅಲ್ಲಿ ಎಲ್ಲರೂ ದಾತೋ ಎಂದೇ ಕರೆಯುತ್ತಾರೆ. ಆ ವಾರ ಅವರು ಕಚೇರಿಯಲ್ಲಿ ಸುಮ್ಮನೆ ಸಿಳ್ಳೆ ಹಾಕುತ್ತಾ ಓಡಾಡುತ್ತಿದ್ದರು.

ನಕ್ಷತ್ರ ತಮ್ಮ ಸ್ವಂತದ್ದಲ್ಲ ಎಂದು ಅವರೇ ಒಮ್ಮೆ ಹೇಳಿದ್ದರು. ಪದವಿ ಹೆಸರಿನ ಜೊತೆ ಹೋಗುತ್ತದೆ, ಸತ್ತ ಮೇಲೂ ಇರುತ್ತದೆ. ನಕ್ಷತ್ರವನ್ನು ಮಾತ್ರ ಮನೆಯವರು ಅರಮನೆಗೆ ಹಿಂದಿರುಗಿಸಬೇಕು, ಕೊಟ್ಟದ್ದು ಕೊಟ್ಟ ಹಾಗೆಯೇ. ಪಡೆದವನು ಅದನ್ನು ಹೇಗೆ ಇಟ್ಟುಕೊಂಡಿದ್ದ ಎಂದು ಅಲ್ಲಿ ನೋಡಿ ಬರೆದಿಡುತ್ತಾರಂತೆ. ಅದನ್ನು ಹೇಳುವಾಗ ಅವರ ಧ್ವನಿಯಲ್ಲಿ ಶಾಲೆಯ ಹುಡುಗನ ಅಂಜಿಕೆಯಿತ್ತು.

ಒಂದು ವರ್ಷ ಔತಣಕ್ಕೆ ಹತ್ತು ದಿನವಿರುವಾಗ ಬೀರುವಿನಿಂದ ಪೆಟ್ಟಿಗೆ ತೆಗೆದು ನೋಡಿದರೆ ನಕ್ಷತ್ರ ಕಪ್ಪಗಾಗಿತ್ತು. ಇಲ್ಲಿಯ ಸೆಕೆ, ಸಮುದ್ರದ ಗಾಳಿ. ಒಳ್ಳೆಯ ಅಕ್ಕಸಾಲಿಗನಿಗೆ ತೋರಿಸಿ ಹೊಳಪು ಕೊಡಿಸಿ ತರಲು ನನ್ನ ಕೈಗೆ ಕೊಟ್ಟರು. ಅಕ್ಕಸಾಲಿಗನಿಗೆ ಎಂದೇ ಹೇಳಿದ್ದರು. ನಾನು ಕೇಳಿಸಿಕೊಂಡೂ ಇದ್ದೆ. ಆದರೆ ಒಬ್ಬ ರಾಜ ಕೊಟ್ಟದ್ದನ್ನು ಯಾವನೋ ಅಂಗಡಿಯವನ ಕೈಗೆ ಕೊಡುವುದೇ, ನಾನಿರುವಾಗ?

ಸಂಜೆ ಮನೆಯಲ್ಲಿ ಸಾರಿಗೆಂದು ನೆನೆಸಿದ್ದ ಹುಣಸೆಹಣ್ಣಿನಿಂದಲೇ ಸ್ವಲ್ಪ ತೆಗೆದು, ಉಪ್ಪು ಬೆರೆಸಿ, ನಕ್ಷತ್ರಕ್ಕೆ ಮೆತ್ತಿ ಇಟ್ಟೆ. ಅನ್ನ ಬೇಯುವಷ್ಟು ಹೊತ್ತು. ಆಮೇಲೆ ನಾರಿನಿಂದ ಉಜ್ಜಿದೆ. ಮೊದಲು ಕಪ್ಪು ಹೋಯಿತು, ಖುಷಿಯಾಯಿತು. ಮತ್ತೆ ಉಜ್ಜಿದೆ. ತುದಿಗಳ ಮೇಲಿದ್ದ ಚಿನ್ನದ ಲೇಪ ನಾರಿಗೆ ಅಂಟಿಕೊಂಡು ಬಂತು. ನಡುವೆ ಗಾಜಿನಂತೆ ಹೊಳೆಯುತ್ತಿದ್ದ ಬಿಳಿ ಮೀನಾಕಾರಿಯ ಎನಾಮಲ್ ಮಸುಕಾಯಿತು, ಅದರ ಒಂದು ಚೂರು ಎದ್ದು ಸಿಂಕಿನ ತೂತಿಗೆ ಹೋಯಿತು. ಗಂಡ ಬಂದು ನೋಡಿ, “ತೊಳಿಲಿಕ್ಕೆ ನಿನ್ನತ್ರ ಯಾರು ಹೇಳಿದ್ದು?” ಎಂದರು.

ದುಬೈಯ ಸಿಲಿಕಾನ್ ಓಯಸಿಸ್‌ನಲ್ಲಿ ಕೆಲಸದಲ್ಲಿರುವ ಮಗಳಿಗೆ ಫೋನ್ ಮಾಡಿದೆ. “ಅಮ್ಮಾ, ಜಸ್ಟ್ ಟೆಲ್ ಹಿಮ್. ಹಿ ಈಸ್ ಎ ನೈಸ್ ಮ್ಯಾನ್” ಎಂದಳು. ಒಳ್ಳೆಯ ಮನುಷ್ಯ ಎಂಬ ಕಾರಣಕ್ಕೇ ನನಗೆ ಹೇಳಲಾಗಲಿಲ್ಲ. ಬೈಯುವವರಾಗಿದ್ದರೆ ಹೇಳಿ, ಬೈಸಿಕೊಂಡು ಮುಗಿಸುತ್ತಿದ್ದೆ.

ಶನಿವಾರ ಬಸ್ಸು ಹಿಡಿದು ದುಬೈಗೆ, ಅಲ್ಲಿಯ ಕರಾಮ ಬಡಾವಣೆಗೆ ಹೋದೆ. ಕಪ್, ಪದಕ, ಬಹುಮಾನದ ಫಲಕ ಮಾಡಿಕೊಡುವ ಮಂಗಳೂರಿನವರ ಒಂದು ಅಂಗಡಿ ಗೊತ್ತಿತ್ತು. ಅಂಗಡಿಯವರು ನಕ್ಷತ್ರವನ್ನು ತಿರುಗಿಸಿ ಮುರುಗಿಸಿ ನೋಡಿ, “ಎಂತ ಅಕ್ಕ ಇದು, ನಾಟಕದ್ದಾ?” ಎಂದು ಕೇಳಿದರು. “ಹೌದು, ನಾಟಕದ್ದು” ಎಂದೆ. ಆ ಸುಳ್ಳು ಬಾಯಿಂದ ಎಷ್ಟು ಸಲೀಸಾಗಿ ಬಂತೆಂದರೆ ಇವತ್ತಿಗೂ ನಾಚಿಕೆಯಾಗುತ್ತದೆ. ಅವರು ಹೊಸ ಲೇಪ ಕೊಟ್ಟು, ಚೂರು ಎದ್ದ ಜಾಗಕ್ಕೆ ಬಿಳಿ ಬಣ್ಣ ತುಂಬಿ ಮಧ್ಯಾಹ್ನದೊಳಗೆ ಕೈಗಿತ್ತರು. ಮೊದಲಿಗಿಂತ ಜಾಸ್ತಿ ಹೊಳೆಯುತ್ತಿತ್ತು. ವಾಪಸು ಬರುವಾಗ ಬಸ್ಸಿನಲ್ಲಿ, ಖಲಾಸ್, ಮುಗಿಯಿತು ಎಂದು ನಿದ್ದೆ ಹೋದೆ.

ಭಾನುವಾರ ಕಳೆದು ಕಚೇರಿಯಲ್ಲಿ ಪೆಟ್ಟಿಗೆ ಕೊಟ್ಟಾಗ ಅವರು ನಕ್ಷತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದರು. ತಿರುಗಿಸಿ ಹಿಂಬದಿ ನೋಡಿದರು. ಆಮೇಲೆ ಬಹಳ ಚೊಕ್ಕವಾಗಿದೆ, ಥ್ಯಾಂಕ್ಯೂ ಎಂದು ಪೆಟ್ಟಿಗೆ ಮುಚ್ಚಿದರು.

ಆ ವರ್ಷ ಅವರು ಔತಣಕ್ಕೆ ಹೋಗಲಿಲ್ಲ. ಮೊಣಕಾಲು ನೋವು, ಅಷ್ಟು ಹೊತ್ತು ನಿಲ್ಲಲಾಗದು ಎಂದರು. ಮರುವರ್ಷವೂ ಅದೇ ಮೊಣಕಾಲು. ವಯಸ್ಸಾಯಿತಲ್ಲ ಎಂದು ನಾನು ನಂಬಿದೆ. ನಂಬದೆ ಇದ್ದರೆ ನನಗೇ ಕಷ್ಟವಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬಂತೆ, ಅವರು ಬೀರುವಿನ ಬಾಗಿಲು ತೆಗೆದಾಗಲೆಲ್ಲ ನನ್ನ ಟೈಪಿಂಗ್ ನಿಲ್ಲುತ್ತಿತ್ತು. ಊರಿಗೆ ಹೋದಾಗ ಅವರ ಕಾಲಿಗೆಂದು ಪಂಡಿತರ ಹತ್ತಿರ ಒಂದು ಬಾಟಲಿ ಎಣ್ಣೆ ಮಾಡಿಸಿ ತಂದೆ. ಬಿಸಿ ಮಾಡಿ ಹಚ್ಚಬೇಕು, ಮಲಗುವಾಗ ಬಟ್ಟೆ ಸುತ್ತಬೇಕು ಎಂದು ಟೈಪ್ ಮಾಡಿದ ಚೀಟಿಯನ್ನೂ ಕೊಟ್ಟೆ. ಅವರು ಎರಡೂ ಕೈಯಿಂದ ತೆಗೆದುಕೊಂಡರು.

ಮೂರನೆಯ ವರ್ಷ, ಹುಟ್ಟುಹಬ್ಬಕ್ಕೆ ಇನ್ನೂ ತಿಂಗಳಿರುವಾಗ, ಹೃದಯಾಘಾತವಾಗಿ ತೀರಿಕೊಂಡರು. ಕಚೇರಿಯ ಕುರ್ಚಿಯಲ್ಲೇ, ಬೆಳಿಗ್ಗೆ. ಆಸ್ಪತ್ರೆಯ ಕಾಗದಗಳಲ್ಲಿ ಪಾಸ್‌ಪೋರ್ಟಿನ ಹೆಸರಷ್ಟೇ ಇತ್ತು. ಅದನ್ನು ನೋಡಿ ನನಗೆ ಅಳು ಬಂತು. ಮಾರನೆಯ ದಿನ ಮಣ್ಣು ಮಾಡಿದರು. ನಾನು ಅವರ ಹೆಂಡತಿಯ ಪಕ್ಕದಲ್ಲಿ ಕುಳಿತಿದ್ದೆ.

ನಲವತ್ತು ದಿನ ಕಳೆದ ಮೇಲೆ ದಾತಿನ್ ಫೋನ್ ಮಾಡಿದರು. ಮನೆ ಖಾಲಿ ಮಾಡಿ ಊರಿಗೆ ಹೊರಟಿದ್ದರು. ನಕ್ಷತ್ರ ಹಿಂದಿರುಗಿಸಬೇಕು, ಜೊತೆಗೊಂದು ಪತ್ರ ಬೇಕು, ಬಂದು ಟೈಪ್ ಮಾಡಿಕೊಡುತ್ತೀಯಾ ಎಂದರು. ಲ್ಯಾಪ್‌ಟಾಪ್ ಹಿಡಿದು ಹೋದೆ. ಅರಮನೆಯಲ್ಲಿ ಅದನ್ನು ತಿರುಗಿಸಿ ನೋಡುತ್ತಾರೆ. ಕರಾಮದ ಬಣ್ಣ ಎಷ್ಟು ಹೊತ್ತು ಮುಚ್ಚಿಟ್ಟೀತು? ಸತ್ತವರ ಹೆಸರಿನ ಮುಂದೆ ಏನು ಬರೆದಿಡುತ್ತಾರೆ? ಅಸಲನ್ನು ಮಾರಿಕೊಂಡು ನಕಲಿಯನ್ನು ಕಳಿಸಿದ ಎಂದೇ? ಇವತ್ತು ಹೇಳಿಬಿಡಬೇಕು ಎಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಹೋದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಮನೆಯ ತುಂಬ ರಟ್ಟಿನ ಪೆಟ್ಟಿಗೆಗಳು. ಬಾಗಿಲ ಬಳಿ ಎಸೆಯಲೆಂದು ಗುಡ್ಡೆ ಹಾಕಿದ್ದ ಸಾಮಾನಿನಲ್ಲಿ ನನ್ನ ಎಣ್ಣೆಯ ಬಾಟಲಿ ಕಾಣಿಸಿತು. ಮುಚ್ಚಳದ ಸೀಲ್ ಒಡೆದಿರಲಿಲ್ಲ, ನನ್ನ ಚೀಟಿ ರಬ್ಬರ್‌ಬ್ಯಾಂಡಿನಲ್ಲಿ ಹಾಗೇ ಸುತ್ತಿಕೊಂಡಿತ್ತು.

ದಾತಿನ್ ಒಂದು ಕಾಗದ ತಂದು ಎದುರಿಗಿಟ್ಟರು. ದಾತೋ ಅವರದೇ ಅಕ್ಷರ. ಸತ್ತರೆ ನಕ್ಷತ್ರದ ಜೊತೆ ಕಳಿಸಲಿಕ್ಕೆಂದು ಎರಡು ವರ್ಷದ ಹಿಂದೆಯೇ ಬರೆದು ಹೆಂಡತಿಯ ಕೈಗೆ ಕೊಟ್ಟಿದ್ದರಂತೆ. ಹದಿನಾರು ವರ್ಷದಲ್ಲಿ ನನಗೆ ಟೈಪ್ ಮಾಡಲು ಕೊಡದೆ ಇಟ್ಟುಕೊಂಡ ಕಾಗದ ಅದೊಂದೇ. ಓದಿದೆ. ಸುಲ್ತಾನರು ದಯಪಾಲಿಸಿದ ನಕ್ಷತ್ರವನ್ನು ತಾನೇ ಮನೆಯಲ್ಲಿ ತೊಳೆಯಲು ಹೋಗಿ ಅಜಾಗರೂಕತೆಯಿಂದ ಹಾಳು ಮಾಡಿದ್ದೇನೆ, ತಪ್ಪು ತನ್ನೊಬ್ಬನದೇ, ಕ್ಷಮೆ ಬೇಡುತ್ತೇನೆ ಎಂದಿತ್ತು.

“ದಾತಿನ್, ಅದು ನಾನು,” ಎಂದೆ. ಬಾಯಿಪಾಠ ಮಾಡಿದ್ದರಲ್ಲಿ ಅಷ್ಟೇ ಹೊರಬಂತು.

ಅವರು ಗೊತ್ತು ಎಂಬಂತೆ ತಲೆಯಾಡಿಸಿದರು. ನಕ್ಷತ್ರದ ಹಿಂದಿನ ಪಿನ್ನಿನ ಸಂದಿಯಲ್ಲಿ ಹುಣಸೆಯ ಒಂದು ಎಳೆ ಸಿಕ್ಕಿಕೊಂಡಿತ್ತಂತೆ. ಅದನ್ನು ಮನೆಗೆ ತಂದು ತೋರಿಸಿದ್ದರಂತೆ. “ನಾವೂ ಹಿತ್ತಾಳೆಗೆ ಹುಣಸೆಹಣ್ಣೇ ಹಾಕುವುದು,” ಎಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದರು. “ಪಾಪ, ದೇವರ ದೀಪ ಅಂದುಕೊಂಡು ತೊಳೆದಿದ್ದಾಳೆ, ಏನೂ ಹೇಳಬೇಡ ಅಂತ ಅವರೇ ಅಂದರು.”

ಮೊಣಕಾಲಿನ ವಿಷಯ ಕೇಳಿದೆ. ಕೇಳಬಾರದಿತ್ತು. ಕಾಲಿಗೆ ಏನೂ ಆಗಿರಲಿಲ್ಲ. ಹಾಳಾದ ನಕ್ಷತ್ರ ಧರಿಸಿ ತಮ್ಮವರ ಎದುರು ನಿಲ್ಲುವುದು ಸುಲ್ತಾನರಿಗೆ ಅವಮಾನ, ಧರಿಸದೆ ಹೋದರೂ ಅವಮಾನ. ಎರಡು ವರ್ಷವೂ ಆ ಸಂಜೆ ಟಿವಿಯ ಶಬ್ದ ನಿಲ್ಲಿಸಿ ಊರಿನ ಮೆರವಣಿಗೆ ನೋಡುತ್ತಾ ಕೂತಿದ್ದರಂತೆ. ಕಪ್ಪು ಉಡುಪನ್ನು ಇಸ್ತ್ರಿ ಮಾಡಿಸಿಟ್ಟಿದ್ದರಂತೆ.

ನಿಜವನ್ನೇ ಬರೆಯೋಣ, ನನ್ನ ಹೆಸರು ಹಾಕೋಣ ಎಂದೆ. ದಾತಿನ್ ಒಪ್ಪಲಿಲ್ಲ. ಸುಲ್ತಾನರ ನಕ್ಷತ್ರವನ್ನು ಇನ್ನೊಬ್ಬರ ಮನೆಯ ಅಡುಗೆಮನೆಗೆ ಹೋಗಲು ಬಿಟ್ಟ ಎಂದಾದರೆ ಅದು ಇದಕ್ಕಿಂತ ದೊಡ್ಡ ತಪ್ಪು. ಅಲ್ಲದೆ ಅವರು ಬರೆದಿಟ್ಟದ್ದನ್ನು ಬದಲಾಯಿಸಲು ನಾವು ಯಾರು ಎಂದರು. ಕೈಬರಹ ಅಲ್ಲಿ ಯಾರಿಗೂ ಓದಲಾಗದು, ಟೈಪ್ ಮಾಡಿದ ಪ್ರತಿಯನ್ನೂ ಸೇರಿಸಬೇಕು, ಅವರ ಅಕ್ಷರ ಬಲ್ಲ ಒಬ್ಬರು ಕೆಳಗೆ ಸಾಕ್ಷಿ ಹಾಕಬೇಕು ಎಂದೂ ಸೇರಿಸಿದರು.

ಅಕ್ಷರಕ್ಕೆ ಅಕ್ಷರ ಟೈಪ್ ಮಾಡಿದೆ. ಪ್ರಿಂಟರನ್ನು ಇನ್ನೂ ಕಟ್ಟಿರಲಿಲ್ಲ. ಹೊರಬಂದ ಹಾಳೆಯನ್ನು ದಾತಿನ್ ಕನ್ನಡಕ ಹಾಕಿ ನೋಡಿದರು. “ದಾತೋ ಎಂದು ಹಾಕಿದ್ದೀಯಲ್ಲ?” ಎಂದು ಕೇಳಿದರು.

ಹಾಕಿದ್ದೆ. ಅದರ ಕೆಳಗೆ, ತಪ್ಪು ತನ್ನೊಬ್ಬನದೇ ಎಂದು ಅವರು ಬರೆದ ಸಾಲೂ ಇತ್ತು. ಇನ್ನೂ ಕೆಳಗೆ, ಸಾಕ್ಷಿ ಎಂದಿದ್ದ ಕಡೆ ನನ್ನ ಪೂರ್ತಿ ಹೆಸರು ಬರೆದು ಸಹಿ ಹಾಕಿದೆ.