ಕಥೆಗೊಂದು ಕೊಸರು

ಹಳೆಯ ಸಾಮಾನನ್ನು ಗುಜರಿಗೆ ಹಾಕುವ ಮುನ್ನ ಒಮ್ಮೆ ಮೂಸಿ ನೋಡಿ. ಇದು ನನ್ನ ಸಲಹೆ. ಮೊನ್ನೆ ಅಟ್ಟದಿಂದ ಇಳಿಸಿದ ಕಪ್ಪು ಬಿಳುಪಿನ ಟಿ.ವಿ.ಯ ಮರದ ಬಾಗಿಲು ಸರಿಸಿದೆ. ಧೂಳು, ಪಾಲಿಶ್ ಬೆರೆತ ಆ ವಾಸನೆಯ ಹಿಂದೆಯೇ ನ್ಯಾಮತಿಯ ನಮ್ಮ ನಡುಮನೆ, ಭಾನುವಾರದ ಬೆಳಗು, ಇಡೀ ಓಣಿ ಬಂದು ಕೂತವು.

ಸೈಕಲ್ಲಿನ ಮೇಲೆ ಸಾಸ್ವೆಹಳ್ಳಿ ಸುತ್ತ ಪಾತ್ರೆ ಮಾರಿ, ಆಮೇಲೆ ಮನೆಯ ಮುಂದೆಯೇ ಅಂಗಡಿ ಇಟ್ಟವನು ನಾನು. ಟಿ.ವಿ. ತಂದದ್ದೂ ವ್ಯಾಪಾರಕ್ಕೇ: ನೋಡಲು ಬಂದವರು ಹೋಗುವಾಗ ಒಂದು ಚೊಂಬನ್ನಾದರೂ ಒಯ್ಯುತ್ತಾರೆಂದು. ಬಂದರು, ನಮ್ಮದೇ ಕಾಫಿ ಕುಡಿದು ಹೋದರು.

ಆಗೊಂದು ಹಿಂದಿ ನಾಟಕ ಕಂತುಗಳಲ್ಲಿ ಬರುತ್ತಿತ್ತು. ಮಕ್ಕಳ ಕಥೆ ಬರೆಯುವ ಒಬ್ಬ ಮುದುಕ. ಅವನು ನೆನೆದದ್ದೆಲ್ಲ ಮೇಜಿನ ಮೇಲೆ ಜೀವ ತಳೆದು ಓಡಾಡುವುದು. ಅದರಲ್ಲೊಂದು ಅಂಗೈಯಗಲದ ಆನೆಮರಿ. ನಮಗ್ಯಾರಿಗೂ ಹಿಂದಿ ಬಾರದು. ಉರ್ದು ಬಲ್ಲ ಬಳೆ ಮಾರುವ ಜೈತುನ್‌ಬಿ ಮುಂದೆ ಕೂತು ಕನ್ನಡದಲ್ಲಿ ಹೇಳುವಳು. ನನ್ನ ಪುಟ್ಟ ಮಗಳು ಸವಿತಾ ಆ ಮರಿಗೆಂದು ತಾಟಿನಲ್ಲಿ ಪಾಲು ಎತ್ತಿಡುತ್ತಿದ್ದಳು.

ಕೊನೆಯ ಕಂತಿನಲ್ಲಿ ಪುಸ್ತಕ ಅಚ್ಚು ಹಾಕಿಸುವವನು ಆನೆ ಬೇಡವೆಂದ. ಮುದುಕ ಅದನ್ನು ಹೊಡೆದುಹಾಕಲು ಪೆನ್ನು ಎತ್ತಿದ. ಕರೆಂಟ್ ಹೋಯಿತು.

ಸವಿತಾ ತಾಟು ದೂಡಿದಳು. ಮರಿ ಉಳಿಯಿತೆಂದು ತಿಳಿಯುವತನಕ ತುತ್ತು ಮುಟ್ಟುವುದಿಲ್ಲವಂತೆ.

"ಕರೆಂಟ್ ಹೋದ್ರೆ ಕಥೆ ಯಾಕೆ ಹೋಗ್ತೈತವ್ವ?" ಎಂದಳು ಜೈತುನ್‌ಬಿ. "ಪೆನ್ನು ಎತ್ತಿದ. ನೋಡಿದ್ರೆ ಮಸಿ ಖಾಲಿ."

"ನಾಳೆ ಮಸಿ ತುಂಬಿದ್ರೆ?" ಎಂದಳು ಸವಿತಾ. ನನ್ನ ಮಗಳೇ ಸರಿ.

ಜೈತುನ್‌ಬಿ ಸೆರಗು ಸರಿಪಡಿಸಿಕೊಂಡು ಏಳಹೊರಟಳು. ವ್ಯಾಪಾರಿಯಾದವನು ಇಂಥಲ್ಲಿ ಬಿಡಬಾರದು. "ಬಳೆ ತೊಡಿಸಿದ ಮೇಲೆ ಒಂದು ಹೆಚ್ಚಿಗೆ ಹಾಕಿ ಕೊಸರು ಕೊಡಲ್ವೇನ್ರಿ? ಕಥೆಗೂ ಕೊಡ್ರಿ" ಎಂದೆ.

"ಕಥೇಲೂ ಚೌಕಾಸಿ ಮಾಡಾಕೆ ಬಂದ್ರಲ್ರಿ ಸಾವ್ಕಾರ್ರೆ. ಆತು, ತಗಳ್ರಿ. ಮರಿ ಸೊಂಡಿಲಿಂದ ಪೆನ್ನೇ ಕಿತ್ಕೊಂತು. ಈಗ ತನ್ನ ಕಥೆ ತಾನೇ ಬರೀತಾ ಐತೆ."

"ಮುಂದೆ?"

"ಅದು ಬರೆದು ಮುಗಿಸ್ಬೇಕಲ್ಲವ್ವ. ಅಲ್ಲಿಗಂಟ ನೀನು ಉಣ್ಣು."

ಸವಿತಾ ತಾಟು ಎಳೆದುಕೊಂಡಳು.

ಇಷ್ಟೆಲ್ಲ ನೆನೆಸುತ್ತಾ ಕೂತಿದ್ದಾಗ ಸವಿತಾಳೇ ಬಂದಳು, ಈಗ ಎರಡು ಮಕ್ಕಳ ತಾಯಿ. ಟಿ.ವಿ. ನೋಡಿದವಳೇ ಮೊಬೈಲಿನಲ್ಲಿ ತಡಕಿ ಆ ಕೊನೆಯ ಕಂತನ್ನು ಹಿಡಿದಳು. ಇಬ್ಬರೂ ನೋಡಿದೆವು. ಮುದುಕ ಒಂದೇ ಗೀಟೆಳೆದ; ಆನೆಮರಿ ಮೆಲ್ಲಗೆ ಮಾಸಿಹೋಯಿತು. ಅಂಜುತ್ತ ಮಗಳ ಮುಖ ನೋಡಿದೆ.

ಅವಳು ಮೊಬೈಲನ್ನು ಬೋರಲು ಹಾಕಿದಳು.

"ಪಾಪ, ಈ ನಾಟಕದೋರಿಗೆ ಕೊಸರು ಕೇಳೋರೇ ಇರ್ಲಿಲ್ಲ ಕಣಪ್ಪ."